ಅಂಟಿಕೊಂಡ ಟೈರು ಮತ್ತು ರಿಮ್ಮಿನ ನಡುವಿನ ತಗ್ಗು

ಮಲ್ಪೆಯ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ಅಂಗಳದಲ್ಲೇ ನಿಂತಿದ್ದ ಸ್ಪ್ಲೆಂಡರ್ ಬೈಕಿನ ಹಿಂದಿನ ಟೈರನ್ನು, ಪಂಕ್ಚರ್ ಅಂಗಡಿಯ ಸಲಕರಣೆಗಳಿಲ್ಲದೆ ರಿಮ್ಮಿನಿಂದ ಬಿಡಿಸಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಚಕ್ರವನ್ನು ಕಳಚುವುದು, ವಾಲ್ವ್ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡುವುದು, ವಾಲ್ವಿನ ನಟ್ಟನ್ನು ತೆಗೆಯುವುದು ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ.

ಬೀಡ್ ಬಿಡಿಸುವುದು

ಟೈರಿನ ಒಳಅಂಚಿನ ರಬ್ಬರಿನೊಳಗೆ ಉಕ್ಕಿನ ತಂತಿಯ ಬಳೆಯಿರುತ್ತದೆ. ಆ ಅಂಚನ್ನೇ ಬೀಡ್ ಎನ್ನುತ್ತಾರೆ. ರಿಮ್ಮಿನ ತುಕ್ಕು ಅದನ್ನು ಕಚ್ಚಿ ಹಿಡಿದಿತ್ತು. ಸುತ್ತಿಗೆಯ ಏಟುಗಳನ್ನು ರಬ್ಬರು ಪುಟಿಸಿ ಹಿಂದಕ್ಕೆ ಕಳುಹಿಸಿತು. ಕೊನೆಗೆ ಆರು ಅಡಿಯ ಹಲಗೆಯ ಒಂದು ತುದಿಯನ್ನು ನೆರೆಮನೆಯ ಪಿಕಪ್ಪಿನ ಚಾಸಿಯ ಕೆಳಗೆ ತೂರಿಸಿ, ಆ ತುದಿಯಿಂದ ಒಂದು ಅಡಿ ದೂರದಲ್ಲಿ, ರಿಮ್ಮಿನ ಅಂಚಿಗೆ ಒತ್ತಿಕೊಂಡಂತೆ ಟೈರಿನ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ, ಹಲಗೆಯ ಇನ್ನೊಂದು ತುದಿಯನ್ನು ಅದುಮಿದೆ. ಶಾಲೆಯಲ್ಲಿ ಕಲಿತ ಎರಡನೇ ವರ್ಗದ ಸನ್ನೆ ಇದೇ: 60 ಕಿಲೋ ಭಾರ ಹಾಕಿದರೆ ತುಂಡಿನ ಮೇಲೆ ಸುಮಾರು 360 ಕಿಲೋ ಬೀಳುತ್ತದೆ. ನಾಲ್ಕು ಬೆರಳಗಲ ಸರಿಸುತ್ತಾ, ಸೋಪು ನೀರು ಹನಿಸುತ್ತಾ ಒತ್ತಿದಾಗ ಐದನೆಯ ಜಾಗದಲ್ಲಿ ಬೀಡ್ ಟಪ್ಪೆಂದು ಜಾರಿತು. ತೆಂಗಿನೆಣ್ಣೆ ಕೈಗೆಟಕುವಂತಿದ್ದರೂ ಬಳಸಬಾರದು. ಸೋಪು ನೀರು ಒಣಗಿಹೋಗುತ್ತದೆ, ಎಣ್ಣೆ ಉಳಿದುಕೊಂಡು ಮುಂದೆ ಟೈರು ರಿಮ್ಮಿನ ಮೇಲೆ ಜಾರಿದರೆ ಟ್ಯೂಬಿನ ವಾಲ್ವೇ ಕಿತ್ತುಬರಬಹುದು.

ನಾನು ಎಡವಿದ ಜಾಗ

ಟೈರ್ ಲಿವರಿನ ಬದಲು ಎರಡು ಹಳೆಯ ಸ್ಪಾನರುಗಳ ಹಿಡಿಕೆಯ ತುದಿಯನ್ನು ಅರದಿಂದ ಉಜ್ಜಿ ನುಣುಪಾಗಿಸಿಕೊಂಡಿದ್ದೆ. (ಸ್ಕ್ರೂಡ್ರೈವರ್ ಟ್ಯೂಬನ್ನು ಕಚ್ಚಿ ತೂತು ಮಾಡುತ್ತದೆ.) ಅವುಗಳಿಂದ ಎಷ್ಟು ಮೀಟಿದರೂ ಬೀಡ್ ರಿಮ್ಮಿನ ಅಂಚನ್ನು ದಾಟಲಿಲ್ಲ; ಒಂದು ಸ್ಪಾನರಂತೂ ಸಿಡಿದು ಮೊಣಕಾಲಿಗೆ ಬಡಿಯಿತು. ಬಲ ಸಾಲದೆಂದೇ ನಾನು ಭಾವಿಸಿದ್ದೆ.

ತಂತಿಯ ಬಳೆ ಹಿಗ್ಗುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ. 18 ಇಂಚಿನ, ಅಂದರೆ ಸುಮಾರು 457 ಮಿಲಿಮೀಟರ್ ವ್ಯಾಸದ ರಿಮ್ಮಿನ ಅಂಚು ಬೀಡ್ ಕೂರುವ ಜಾಗಕ್ಕಿಂತ ಎತ್ತರವಾಗಿರುವುದರಿಂದ, ಬಳೆ ನೆಟ್ಟಗೆ ಕುಳಿತಿರುವವರೆಗೆ ಅದರ ಯಾವ ಭಾಗವೂ ಹೊರಬರಲಾರದು. ಆದರೆ ರಿಮ್ಮಿನ ಒಳಗೆ ನಟ್ಟನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಬಿಗಿಯಾದ ಬಳೆಯನ್ನು ಕೈಯಿಂದ ತೆಗೆಯುವಾಗ ಒಂದು ಬದಿಯನ್ನು ಮಣಿಕಟ್ಟಿಗೆ ಒತ್ತಿ ಇನ್ನೊಂದು ಬದಿಯಲ್ಲಿ ಸಡಿಲ ಮಾಡಿಕೊಳ್ಳುವುದಿಲ್ಲವೇ, ಹಾಗೆಯೇ ಇದೂ. ಮೀಟುವ ಜಾಗಕ್ಕೆ ಸರಿಯಾಗಿ ಎದುರಿನ ಬೀಡ್ ಆ ತಗ್ಗಿಗೆ 10 ಮಿಲಿಮೀಟರ್ ಇಳಿದರೆ, ಇಡೀ ಬಳೆ ಅತ್ತ ಸರಿದು, ಮೀಟುವ ಕಡೆ ಅಷ್ಟೇ ಸಡಿಲ ಸಿಗುತ್ತದೆ. ಹಾಗಾಗಿ ಎದುರುಬದಿಯ ಟೈರಿನ ಮೇಲೆ ಎರಡೂ ಮೊಣಕಾಲೂರಿ, ಒಂದೊಂದು ಸಲಕ್ಕೆ ಎರಡು ಇಂಚಿನಷ್ಟೇ ಮೀಟಬೇಕು. ನಾನು ಆತುರಕ್ಕೆ ಆರು ಇಂಚು ಹಿಡಿಯುತ್ತಿದ್ದೆ.

ಇನ್ನೊಂದು ಗೊಂದಲ ವಾಲ್ವಿನದು. ಮೀಟುವುದನ್ನು ವಾಲ್ವಿನ ಪಕ್ಕದಿಂದಲೇ ಆರಂಭಿಸಬೇಕೆಂದು ಹೇಳುತ್ತಾರೆ. ಅದು ಟ್ಯೂಬಿಗೆ ಅಪಾಯವೆಂದು ನಾನು ಎದುರುಬದಿಯಿಂದ ಆರಂಭಿಸಿದ್ದೆ. ವಾಲ್ವಿನ ಬುಡ ತಗ್ಗಿನಲ್ಲೇ ಕುಳಿತಿರುವುದರಿಂದ ಅಲ್ಲಿ ಬೀಡ್ ಇಳಿಯಲು ಜಾಗವಿರುವುದಿಲ್ಲ. ಆದ್ದರಿಂದ ಇಳಿಯಬೇಕಾದ ಬದಿ ವಾಲ್ವಿಗೆ ಎದುರಿರಬೇಕು, ಮೀಟುವುದು ವಾಲ್ವಿನ ಬಳಿಯಾಗಬೇಕು. ಟೈರನ್ನು ಮರಳಿ ಹಾಕುವಾಗ ಇದೇ ಕಾರಣಕ್ಕೆ ಕೊನೆಯ ಮೀಟು ವಾಲ್ವಿನ ಬಳಿಯೇ ಬರುತ್ತದೆ.