ನೆರೆಯಲ್ಲಿ ಬೆಳೆಯದೆ ಬದುಕುವ ಭತ್ತ

ಭತ್ತದ ಪೈರು ಕಾಲಡಿ ನೀರಿಗೆ ಹೆದರುವುದಿಲ್ಲ. ತಲೆ ಮುಳುಗಿದರೆ ಕಷ್ಟ. ಹೆಚ್ಚಿನ ತಳಿಗಳು ಒಂದು ವಾರ ದಾಟಿತೆಂದರೆ ಕೈಬಿಟ್ಟ ಹಾಗೆಯೇ. ಉಸಿರುಕಟ್ಟುವುದರ ಜೊತೆಗೆ ಅವಸರದ ಬೆಳವಣಿಗೆಯೂ ಅವನ್ನು ಕೊಲ್ಲುತ್ತದೆ.

ನೀರಿನಲ್ಲಿ ಅನಿಲಗಳು ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಗಿಡವೇ ತಯಾರಿಸುವ ಎಥಿಲೀನ್ ಎಂಬ ಅನಿಲ ಹಾರ್ಮೋನು ಹೊರಹೋಗಲಾರದೆ ಒಳಗೇ ಶೇಖರವಾಗುತ್ತದೆ. ಆ ಸುಳಿವಿಗೆ ಜಿಬ್ಬರೆಲಿನ್ ಹಾರ್ಮೋನಿನ ಕೆಲಸ ಜೋರಾಗಿ ಎಲೆ, ಕಾಂಡ ಮೇಲಕ್ಕೆ ಚಾಚುತ್ತವೆ. ತುದಿ ನೀರಿನಿಂದ ಹೊರಬಂದರೆ ಸರಿ. ಬರದಿದ್ದರೆ ಕೂಡಿಟ್ಟ ಪಿಷ್ಟವೆಲ್ಲ ಖಾಲಿ. ನೀರಿಳಿದ ಮೇಲೆ ಸೊರಗಿದ ಗಿಡ ಕೆಸರಿಗೊರಗುತ್ತದೆ.

ಒಡಿಶಾದ ರೈತರ ಹಳೆಯ ಭತ್ತದಿಂದ ಆರಿಸಿದ ಎಫ್‌ಆರ್13ಎ ತಳಿ ಎರಡು ವಾರ ಮುಳುಗಿದ್ದರೂ ಮತ್ತೆ ಚಿಗುರುತ್ತಿತ್ತು. ಇದು 1940ರ ದಶಕದಿಂದಲೇ ಗೊತ್ತಿದ್ದ ಸಂಗತಿ. ಆದರೆ ಗಿಡ ಎತ್ತರ, ಇಳುವರಿ ಕಡಿಮೆ. ಸಂಕರಣ ಮಾಡಿದರೆ ಆ ಗುಣಗಳೂ ಬೆನ್ನು ಹತ್ತಿ ಬರುತ್ತಿದ್ದವು. 1996ರಲ್ಲಿ ವಿಜ್ಞಾನಿಗಳಾದ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್ ಈ ಸಹನೆಯ ಮುಖ್ಯ ಮೂಲ 9ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. ಸಸ್ಯವಿಜ್ಞಾನಿ ಪಮೇಲಾ ರೊನಾಲ್ಡ್ ಅವರೂ ಇದ್ದ ತಂಡ 2006ರಲ್ಲಿ ಜೀನನ್ನೇ ಗುರುತಿಸಿತು: ಸಬ್1ಎ.

ಸಬ್1ಎ ಬೇರೆ ಜೀನ್‌ಗಳನ್ನು ಚಾಲೂ ಮಾಡುವ, ನಿಲ್ಲಿಸುವ ನಿಯಂತ್ರಕ. ಇದನ್ನು ಎಬ್ಬಿಸುವುದೂ ಎಥಿಲೀನೇ. ಎದ್ದ ಮೇಲೆ ಅದು ಎಸ್‌ಎಲ್‌ಆರ್1 ಮುಂತಾದ ಪ್ರೋಟೀನ್‌ಗಳನ್ನು ಹೆಚ್ಚಿಸಿ ಜಿಬ್ಬರೆಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ. ಗಿಡ ಚಾಚುವುದಿಲ್ಲ, ಪಿಷ್ಟ ಉಳಿಯುತ್ತದೆ, ಎಲೆಯ ಹಸಿರೂ ಬೇಗ ಕರಗದು.

2009ರಲ್ಲಿ ಜಪಾನಿನ ನಗೋಯಾದ ಮೊತೊಯುಕಿ ಅಶಿಕಾರಿ ಅವರ ತಂಡ ಆಳನೀರಿನ ಭತ್ತದಲ್ಲಿ ಸ್ನಾರ್ಕೆಲ್ ಎಂಬ ಜೋಡಿ ಜೀನ್ ಕಂಡುಹಿಡಿಯಿತು. ಸಬ್1ಎಯದೇ ಜೀನ್ ಕುಟುಂಬ, ಅದೇ ಎಥಿಲೀನ್ ಸಂಕೇತ. ಪರಿಣಾಮ ಮಾತ್ರ ತದ್ವಿರುದ್ಧ. ಆ ಭತ್ತ ದಿನಕ್ಕೆ 20 ಸೆಂ.ಮೀ.ಗೂ ಹೆಚ್ಚು ಬೆಳೆದು ತಲೆ ಎತ್ತುತ್ತದೆ. ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಅದು ಸರಿ, ಎರಡು ವಾರದಲ್ಲಿ ಇಳಿದುಹೋಗುವ ನೆರೆಗೆ ಸಬ್1ಎ ಸರಿ. ಯಾವುದು ಮೇಲು ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ, ಗದ್ದೆಯಲ್ಲಿದೆ.

ಆಂಧ್ರದ ಜನಪ್ರಿಯ ತಳಿ ಸ್ವರ್ಣಕ್ಕೆ ಡಿಎನ್‌ಎ ಗುರುತುಗಳ ನೆರವಿನಿಂದ, ಮತ್ತೆ ಮತ್ತೆ ಸ್ವರ್ಣದೊಂದಿಗೇ ಸಂಕರಿಸಿ, ಸಬ್1ಎ ಇರುವ ಡಿಎನ್‌ಎ ತುಂಡನ್ನಷ್ಟೇ ಸೇರಿಸಲಾಯಿತು. ಹೀಗೆ ಬಂದ ಸ್ವರ್ಣ-ಸಬ್1 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿಯಲ್ಲ. ನೆರೆ ಬಾರದ ವರ್ಷ ಇಳುವರಿ ಸ್ವರ್ಣದಷ್ಟೇ. ರೈತರು ಒಪ್ಪಲು ಇದೇ ದೊಡ್ಡ ಕಾರಣವೆನ್ನಬೇಕು.

ಆದರೂ ಕೆಡುವ ಸಂದರ್ಭಗಳಿವೆ. ಮಣ್ಣು ತುಂಬಿದ ಕೆಂಪು ನೀರಿನಲ್ಲಿ ಬೆಳಕು ಇಳಿಯದೆ ಪಿಷ್ಟ ಬೇಗ ತೀರುತ್ತದೆ. ಚೆಲ್ಲು ಬಿತ್ತನೆಯ ಬೀಜ ಮೊಳೆಯುವ ಮೊದಲೇ ಮುಳುಗಿದರೆ ಸಬ್1ಎ ನೆರವಿಗೆ ಬಾರದು. ಅಲ್ಲಿ ಬೇಕಾದದ್ದು ಮೊಳಕೆ ಚಾಚುವ ಗುಣ. ಉಪ್ಪುನೀರಿಗೂ ಇದು ಮದ್ದಲ್ಲ, ಅಘನಾಶಿನಿ ನದಿಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ದಾರಿಯೇ ಬೇರೆ. ಎಳೆ ಸಸಿಗಿಂತ ಬಲಿತ, ಸುಮಾರು 30 ದಿನದ ಸಸಿ ನೆಟ್ಟರೆ ಬದುಕುಳಿಯುವುದು ಹೆಚ್ಚು. ನೀರಿಳಿದ ಮರುದಿನವೇ ಯೂರಿಯಾ ಎರಚಬಾರದು. ಐದಾರು ದಿನ ಬಿಟ್ಟು ಹೊಸ ಎಲೆ ಕಂಡ ಮೇಲೆ ಕೊಟ್ಟರೆ ಗಿಡ ಅದನ್ನು ಹೀರಿಕೊಳ್ಳುತ್ತದೆ.