ದಖ್ಖನ್ ಕಲ್ಲಿನ ಕಾಂತತೆ ಮತ್ತು ಭಾರತದ ಉತ್ತರಮುಖ ಪಯಣ

ಭಾರತದ ಭೂಖಂಡ ಒಂದು ಕಾಲದಲ್ಲಿ ಸಮಭಾಜಕದ ದಕ್ಷಿಣಕ್ಕಿತ್ತು ಎಂಬುದನ್ನು ಇಂದು ಶಾಲೆಯ ಮಕ್ಕಳೂ ಓದುತ್ತಾರೆ. ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಚಲಿಸುತ್ತವೆ ಎಂದಾಗ ಬಹುತೇಕ ಭೂವಿಜ್ಞಾನಿಗಳು ಅದನ್ನು ಒಪ್ಪಿರಲಿಲ್ಲ. ಆ ವಾದವನ್ನು ಅಳತೆಗೆ ಒಡ್ಡುವ ದಾರಿ ತೆರೆದದ್ದು 1950ರ ದಶಕದಲ್ಲಿ, ಭಾರತದ ಮಟ್ಟಿಗೆ ಮುಖ್ಯವಾಗಿ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಲ್ಲುಗಳ ಮೂಲಕ.

ಲಾವಾ ತಣಿಯುತ್ತಾ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರಲ್ಲಿರುವ ಮ್ಯಾಗ್ನಟೈಟ್ ಹರಳುಗಳು ಆಗಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಕ್ಷೇತ್ರ ಸಮಭಾಜಕದಲ್ಲಿ ನೆಲಕ್ಕೆ ಸಮಾನಾಂತರವಾಗಿಯೂ ಧ್ರುವಗಳಲ್ಲಿ ಲಂಬವಾಗಿಯೂ ಇರುತ್ತದೆ. ನಡುವಿನ ಪ್ರದೇಶಗಳಲ್ಲಿ ಅದರ ಬಾಗುಕೋನದ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟಿರುತ್ತದೆ. ಆದ್ದರಿಂದ ಕಲ್ಲಿನಲ್ಲಿ ಉಳಿದ ಬಾಗನ್ನು ಅಳೆದರೆ ಅದು ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. ಆದರೆ ಕಾಂತಧ್ರುವ ಸದಾ ಅಲೆದಾಡುತ್ತಿರುವುದರಿಂದ ಒಂದೇ ಲಾವಾ ಪದರವನ್ನು ನಂಬುವಂತಿಲ್ಲ. ಸಾವಿರಾರು ವರ್ಷಗಳ ಅಂತರದಲ್ಲಿ ಹರಿದ ಹಲವು ಪದರಗಳ ಸರಾಸರಿ ಬೇಕು.

ಇಷ್ಟು ಕ್ಷೀಣವಾದ ಕಾಂತತೆಯನ್ನು ಅಳೆಯಲು ನೆರವಾದ ಉಪಕರಣ ಬೇರೆ ಉದ್ದೇಶಕ್ಕೆ ತಯಾರಾದದ್ದು. ಬ್ರಿಟಿಷ್ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರಿಗೆ, ತಿರುಗುವ ಯಾವುದೇ ಭಾರಿ ವಸ್ತು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆಂಬ ಊಹೆಯಿತ್ತು. ಅದನ್ನು ಪರೀಕ್ಷಿಸಲು ಅವರು 15 ಕಿಲೋಗ್ರಾಂ ತೂಕದ ಚಿನ್ನದ ಉರುಳೆಯನ್ನೂ ಅತಿ ಸೂಕ್ಷ್ಮವಾದ ಕಾಂತಮಾಪಕವನ್ನೂ ಬಳಸಿದರು. ಊಹೆ ಸುಳ್ಳೆಂದು 1952ರಲ್ಲಿ ಪ್ರಕಟಿಸಿದ ಮೇಲೆ ಅದೇ ಬಗೆಯ ಕಾಂತಮಾಪಕವನ್ನು ಕಲ್ಲುಗಳತ್ತ ತಿರುಗಿಸಿದರು. ವಿಫಲ ಪ್ರಯೋಗವೊಂದು ಇಷ್ಟು ಫಲ ಕೊಟ್ಟ ನಿದರ್ಶನ ವಿಜ್ಞಾನದ ಚರಿತ್ರೆಯಲ್ಲಿ ವಿರಳ. ಕೇಂಬ್ರಿಡ್ಜ್‌ನಲ್ಲಿ ಭೂವಿಜ್ಞಾನಿ ಎಡ್ವರ್ಡ್ ಇರ್ವಿಂಗ್ ಭಾರತದ ಕಲ್ಲುಗಳ ಮೇಲೆ ಖಂಡಚಲನೆಯ ಪ್ರಶ್ನೆಯನ್ನು ಪರೀಕ್ಷಿಸಿದರು; ಅವರ ಡಾಕ್ಟರೇಟ್ ಪ್ರಬಂಧವನ್ನು ಪರೀಕ್ಷಕರು ತಿರಸ್ಕರಿಸಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಹಸ್ರಬುದ್ಧೆ ಮತ್ತು ರಾಧಾಕೃಷ್ಣಮೂರ್ತಿ ಅವರು ದಖ್ಖನ್ ಲಾವಾದ ಅಧ್ಯಯನವನ್ನು ಬೆಳೆಸಿದರು.

ಆ ಅಳತೆಗಳ ಸಾರ ಹೀಗಿದೆ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ಹೆಚ್ಚಿನ ಪದರಗಳು, ಭೂಕಾಂತತೆ ಇಂದಿಗೆ ವಿರುದ್ಧ ದಿಕ್ಕಿಗಿದ್ದ ಕಾಲದವು. ಆ ತಿರುವನ್ನು ಸರಿಪಡಿಸಿ ಲೆಕ್ಕ ಹಾಕಿದರೆ ಕಾಂತತೆ ಉತ್ತರ-ವಾಯವ್ಯಕ್ಕೆ ಮುಖಮಾಡಿ 45ರಿಂದ 50 ಡಿಗ್ರಿಯಷ್ಟು ಮೇಲಕ್ಕೆ ಬಾಗಿರುವುದು ಕಾಣುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ಕೆಳಕ್ಕೆ ಬಾಗಿರಬೇಕಿತ್ತು. ಎಂದರೆ, ಇಂದು 19 ಡಿಗ್ರಿ ಉತ್ತರದಲ್ಲಿರುವ ಮುಂಬೈನ ನೆಲ ಆಗ 30 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿತ್ತು. ಅಲ್ಲಿಂದ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಉತ್ತರಕ್ಕೆ ಸರಿದು, ಅಪ್ರದಕ್ಷಿಣವಾಗಿ ಒಂದಿಷ್ಟು ತಿರುಗಿಯೂ ಇದೆ.

ಆರಂಭದ ಫಲಿತಾಂಶಗಳ ಮೇಲೆ ಸಂದೇಹಗಳು ಬಂದದ್ದು ನ್ಯಾಯವೇ ಆಗಿತ್ತು. ಸಿಡಿಲು ಬಡಿದ ಕಲ್ಲು ತನ್ನ ಹಳೆಯ ದಿಕ್ಕನ್ನು ಕಳೆದುಕೊಳ್ಳಬಹುದು. ಇಂದಿನ ಭೂಕಾಂತತೆಯೂ ಹಳೆಯದರ ಮೇಲೆ ನಿಧಾನವಾಗಿ ಕೂರುತ್ತದೆ. ಹಾಗಾಗಿ ಇಂದು ಬಂಡೆಯಿಂದ ಒಂದು ಇಂಚು ವ್ಯಾಸದ ದಿಂಡುಗಳನ್ನು ಕೊರೆದು ತೆಗೆಯುತ್ತಾರೆ. ಬಂಡೆಯ ಕಾಂತತೆಯೇ ದಿಕ್ಸೂಚಿಯನ್ನು ಎಳೆಯುವ ಕಡೆ ಸೂರ್ಯನ ನೆರಳನ್ನು ನೋಡಿ ದಿಕ್ಕನ್ನು ಗುರುತಿಸುತ್ತಾರೆ. ಬಳಿಕ ಪ್ರಯೋಗಾಲಯದಲ್ಲಿ ಕಾಂತಕ್ಷೇತ್ರವಿಲ್ಲದ ಕುಲುಮೆಯಲ್ಲಿ ಮಾದರಿಯನ್ನು ಕಾಯಿಸಿ, ತಣಿಸಿ, ಅಳೆದು, ಮತ್ತೆ ಇನ್ನಷ್ಟು ಹೆಚ್ಚು ಉಷ್ಣತೆಗೆ ಕಾಯಿಸುತ್ತಾರೆ. ದುರ್ಬಲವಾದ ಹೊಸ ಕಾಂತತೆ ಮೊದಲು ಅಳಿಯುತ್ತದೆ. ಕೊನೆಗೆ ಉಳಿದು, ಒಂದೇ ದಿಕ್ಕಿನಲ್ಲಿ ನೇರವಾಗಿ ಕುಗ್ಗುತ್ತಾ ಹೋಗುವ ಕಾಂತತೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಆದರೆ ದಿಕ್ಕು ಎಷ್ಟು ನಿಖರವಾಗಿದ್ದರೂ ವಯಸ್ಸು ತಪ್ಪಿದರೆ ಭೂಖಂಡದ ದಾರಿಯೇ ತಪ್ಪುತ್ತದೆ. ಇದಕ್ಕೆ ಬೆಂಗಳೂರಿನ ಬಳಿಯ ಹಾರೋಹಳ್ಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಲ್ಲಿನ ಡೈಕುಗಳು, ಅಂದರೆ ಹಳೆಯ ಬಂಡೆಯ ಬಿರುಕುಗಳಲ್ಲಿ ಗೋಡೆಯಂತೆ ಎದ್ದ ಶಿಲಾದ್ರವದ ಪಟ್ಟಿಗಳು, ಸುಮಾರು 82 ಕೋಟಿ ವರ್ಷ ಹಳೆಯವೆಂದು ತಿಳಿಯಲಾಗಿತ್ತು. ಅವುಗಳ ಕಾಂತದಿಕ್ಕನ್ನು ಆ ಕಾಲದ ಭಾರತದ ಸ್ಥಾನ ಗುರುತಿಸಲು ಬಳಸಿಯೂ ಆಗಿತ್ತು. 2008ರಲ್ಲಿ ಪ್ರಕಟವಾದ ಯುರೇನಿಯಂ-ಸೀಸ ವಿಧಾನದ ಅಳತೆ ಅವುಗಳ ವಯಸ್ಸನ್ನು ಸುಮಾರು 119 ಕೋಟಿ ವರ್ಷಕ್ಕೆ ಏರಿಸಿತು. ಕಾಂತತೆಯ ಅಳತೆ ಹಾಗೆಯೇ ಉಳಿದರೂ ಅದು ಹೇಳುವ ಕಾಲ ಪೂರ್ತಿ ಬದಲಾಯಿತು. ಇದೇ ಸೀಮೆಯ ಇನ್ನೊಂದು ಡೈಕು ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷ. ಅದರ ಕಡಿದಾದ ಕಾಂತದಿಕ್ಕಿನ ಪ್ರಕಾರ ಈ ಸೀಮೆಯ ಪ್ರಾಚೀನ ನೆಲವಾದ ಧಾರವಾಡ ಶಿಲಾಖಂಡ ಆಗ ಧ್ರುವದ ಸಮೀಪದಲ್ಲಿತ್ತು.

ಈ ವಿಧಾನಕ್ಕೆ ಮೂಲದಲ್ಲೇ ಒಂದು ಮಿತಿಯಿದೆ: ಅದು ಅಕ್ಷಾಂಶವನ್ನೂ ತಿರುಗುವಿಕೆಯನ್ನೂ ಹೇಳುತ್ತದೆ, ರೇಖಾಂಶವನ್ನು ಹೇಳುವುದಿಲ್ಲ. ದಖ್ಖನ್ ಕಾಲಕ್ಕೆ ಹಿಂದೂ ಮಹಾಸಾಗರದ ತಳದ ಕಾಂತಪಟ್ಟಿಗಳು, ಅಂದರೆ ಭೂಕಾಂತತೆಯ ತಿರುವುಗಳನ್ನು ಸಾಲುಸಾಲಾಗಿ ದಾಖಲಿಸಿಕೊಂಡ ಕಲ್ಲಿನ ಪಟ್ಟಿಗಳು, ಆ ಕೊರತೆಯನ್ನು ತುಂಬುತ್ತವೆ. ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಸುಮಾರು 9 ಕೋಟಿ ವರ್ಷ ಹಳೆಯ ಕಲ್ಲುಗಳನ್ನು ಮಡಗಾಸ್ಕರಿನ ಸಮಕಾಲೀನ ಕಲ್ಲುಗಳೊಂದಿಗೆ ಹೋಲಿಸಿ, ಎರಡೂ ನೆಲಗಳು ಹೇಗೆ ಅಂಟಿಕೊಂಡಿದ್ದವೆಂದು ತಿಳಿಯಲೂ ಸಾಧ್ಯವಾಗಿದೆ. 20 ಕೋಟಿ ವರ್ಷಗಳಿಗಿಂತ ಹಿಂದಿನ ಸಾಗರತಳ ಬಹುತೇಕ ಭೂಗರ್ಭಕ್ಕೆ ಇಳಿದುಹೋಗಿದೆ. ಆದ್ದರಿಂದ ಅದಕ್ಕೂ ಹಿಂದಿನ ಖಂಡಗಳ ಜೋಡಣೆಗೆ, ಬೇರೆ ಬೇರೆ ಖಂಡಗಳಲ್ಲಿ ಒಂದೇ ವಯಸ್ಸಿನ ಡೈಕುಗಳನ್ನು ಹುಡುಕಿ ಅವುಗಳ ಕಾಂತದಿಕ್ಕುಗಳನ್ನು ಒಂದೊಂದಾಗಿ ಹೊಂದಿಸಿ ನೋಡುವ ಕೆಲಸ ನಡೆಯುತ್ತಿದೆ.