ಹನ್ನೆರಡು ಗಂಟೆ ತಪ್ಪಿದ ನಕ್ಷತ್ರ

ಆಲ್ಗಾಲ್ ಎಂಬ ನಕ್ಷತ್ರದ ಹೆಸರು ಬಂದಿರುವುದು ಅರಬ್ಬಿಯಿಂದ. ಅರ್ಥ, ದೆವ್ವದ ತಲೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ. 1783ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿದ್ದ, ಕಿವಿ ಕೇಳದ 18ರ ಹುಡುಗ ಜಾನ್ ಗುಡ್‌ರಿಕ್ ಇದನ್ನು ಬರಿಗಣ್ಣಿನಲ್ಲೇ ಗಮನಿಸಿ, ಏನೋ ಅಡ್ಡ ಬರುತ್ತಿರಬಹುದು ಅಂದ. ಸರಿಯಾಗೇ ಊಹಿಸಿದ್ದ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಗ್ರಹಣ, ಅಷ್ಟೇ.

ಇಂಥ ಜೋಡಿಗಳ ಬೆನ್ನು ಹತ್ತಲು ದೈತ್ಯ ಟೆಲಿಸ್ಕೋಪೇ ಬೇಕೆಂದಿಲ್ಲ. ಪದವಿ ವಿದ್ಯಾರ್ಥಿಗಳಿಗೆ ಎಂಟಿಂಚಿನದೊಂದು ಟೆಲಿಸ್ಕೋಪು, ಬೆಳಕನ್ನು ಅಳೆಯಬಲ್ಲ ಒಂದು ಸಿಸಿಡಿ (ಡಿಜಿಟಲ್) ಕ್ಯಾಮೆರಾ ಸಾಕು. ಪಕ್ಕದಲ್ಲೇ ಇರುವ, ಬೆಳಕು ಬದಲಾಗದ ನಕ್ಷತ್ರದ ಜೊತೆ ಹೋಲಿಸುತ್ತಾ ಹೋಗಬೇಕು. ತೆಳುಮೋಡ ಬಂದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ, ಹೋಲಿಕೆ ಕೆಡುವುದಿಲ್ಲ.

ನಿಜವಾದ ಉಪಕರಣ ಗಡಿಯಾರ. ನಿಮ್ಮ ವಾಚು ದಿನಕ್ಕೆ ಒಂದು ಸೆಕೆಂಡ್ ಹಿಂದೆ ಬಿದ್ದರೆ ಇವತ್ತು ಗೊತ್ತೇ ಆಗಲ್ಲ. ವರ್ಷ ಕಳೆದರೆ ಆರು ನಿಮಿಷ! ಸಣ್ಣ ಸಾಲಕ್ಕೆ ಬಡ್ಡಿ ಬೆಳೆದ ಹಾಗೆ. ಡಬ್ಲ್ಯೂ ಅರ್ಸೆ ಮೆಜೋರಿಸ್ ಎಂಬ ನಕ್ಷತ್ರ ಜೋಡಿ ಸುಮಾರು ಎಂಟು ಗಂಟೆಗೊಂದು ಸುತ್ತು ಹಾಕುತ್ತದೆ. ಸುತ್ತಿನ ಲೆಕ್ಕದಲ್ಲಿ ಒಂದೇ ಸೆಕೆಂಡ್ ತಪ್ಪಿದರೂ ವರ್ಷದ ಕೊನೆಗೆ ಗ್ರಹಣ 18 ನಿಮಿಷ ಆಚೀಚೆ. ಹಾಗಾಗಿ ಗ್ರಹಣ ಯಾವಾಗ ಆಗಬೇಕಿತ್ತು, ಯಾವಾಗ ಆಯಿತು ಎಂಬ ವ್ಯತ್ಯಾಸವನ್ನು ವರ್ಷಗಟ್ಟಲೆ ಗ್ರಾಫಿನಲ್ಲಿ ಚುಕ್ಕೆಯಿಟ್ಟು ಗುರುತಿಸುತ್ತಾರೆ. ಆ ಚುಕ್ಕೆಗಳ ಸಾಲು ಬಾಗಿದರೆ ಸುತ್ತುವ ಅವಧಿಯೇ ಬದಲಾಗುತ್ತಿದೆ ಅಂತ. ನಕ್ಷತ್ರಗಳು ಒಂದರಿಂದೊಂದು ಅನಿಲ ಸೆಳೆಯುತ್ತಿರಬಹುದು, ಇಲ್ಲಾ ಕಾಣದ ಮೂರನೆಯದು ಜಗ್ಗುತ್ತಿರಬಹುದು. (ಭೂಮಿ ಸೂರ್ಯನ ಯಾವ ಬದಿಗಿದೆ ಎಂಬುದನ್ನೂ ಮರೆಯಬಾರದು. ಅದೊಂದರಿಂದಲೇ ಬೆಳಕು 8 ನಿಮಿಷದವರೆಗೆ ಹಿಂದೆಮುಂದೆ ಆಗುತ್ತದೆ.)

ನಕ್ಷತ್ರಪಟ್ಟಿಯಲ್ಲಿ ಕೆಐಸಿ 9832227 ಎಂದಿರುವ ಜೋಡಿಯ ಕತೆ ನನಗೆ ಜಾಸ್ತಿ ಇಷ್ಟ. ಅಮೆರಿಕದ ಕ್ಯಾಲ್ವಿನ್ ಕಾಲೇಜಿನ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಜೊತೆ ಅದನ್ನು ಗಮನಿಸಿ, 2022ರ ಹೊತ್ತಿಗೆ ಎರಡೂ ಒಂದಾಗಿ ಸ್ಫೋಟಿಸುತ್ತವೆ ಎಂದು 2017ರಲ್ಲಿ ಹೇಳಿದರು. ಸುತ್ತುವ ಅವಧಿ ಚಿಕ್ಕದಾಗುತ್ತಿರುವಂತೆ ಕಂಡಿತ್ತು. ಮರುವರ್ಷ ಬೇರೊಂದು ತಂಡ ಹುಳುಕು ಹಿಡಿಯಿತು. 1999ರ ಒಂದು ವೀಕ್ಷಣೆಯ ಸಮಯ ಅಚ್ಚಾಗುವಾಗಲೇ 12 ಗಂಟೆ ತಪ್ಪಿತ್ತು! ಅಷ್ಟು ದೊಡ್ಡ ತಪ್ಪು ಯಾರಿಗೂ ಕಾಣಲಿಲ್ಲವೇ? ಆ ಜೋಡಿಗೆ ಒಂದು ಸುತ್ತಿಗೆ ಬೇಕಿರುವುದು ಸುಮಾರು 11 ಗಂಟೆ. ಹನ್ನೆರಡರಲ್ಲಿ ಹನ್ನೊಂದು ಒಂದು ಪೂರ್ತಿ ಸುತ್ತಿನಲ್ಲಿ ಮುಚ್ಚಿಹೋಯಿತು. ಉಳಿದದ್ದು ಒಂದೇ ಗಂಟೆ, ಥೇಟ್ ನಿಜವಾದ ಬದಲಾವಣೆಯ ಹಾಗೆ.

2022 ಬಂತು, ಹೋಯಿತು. ಏನೂ ಸ್ಫೋಟಿಸಲಿಲ್ಲ.